ರದ್ದಿಗೆ ಹಾಕುವ ಮುನ್ನ: ಖಾಲಿ ಪೆಟ್ಟಿಗೆಯಿಂದ ಹುಡುಗರ ಕೋಣೆಗೆ ಮೇಜು, ಕಪಾಟು



ಹೋಟೆಲು ನಡೆಸುವವರಿಗೆ ಖಾಲಿ ರಟ್ಟಿನ ಪೆಟ್ಟಿಗೆಗೆ ಬರಗಾಲವಿಲ್ಲ. ನೀರಿನ ಬಾಟಲಿ, ತಂಪು ಪಾನೀಯ, ಚಹಾಪುಡಿ, ಸಾಸ್, ಪಾರ್ಸೆಲ್ ಡಬ್ಬಿ ಎಲ್ಲವೂ ಪೆಟ್ಟಿಗೆಯಲ್ಲೇ ಬರುತ್ತವೆ. ಖಾಲಿಯಾದವು ಹಿಂಬಾಗಿಲ ಬಳಿ ರಾಶಿ ಬೀಳುತ್ತವೆ, ರದ್ದಿಯವನು ಬಂದು ಕಿಲೋ ಲೆಕ್ಕದಲ್ಲಿ ಒಯ್ಯುತ್ತಾನೆ.

ಇನ್ನು ನಮ್ಮ ಹುಡುಗರು ಮಲಗುವ ಕೋಣೆಯನ್ನೊಮ್ಮೆ ನೋಡಿ. ಬಟ್ಟೆ ಹಗ್ಗದ ಮೇಲೆ, ಚೀಲ ನೆಲದ ಮೇಲೆ, ಕಾಗದಪತ್ರ ಹಾಸಿಗೆಯ ಅಡಿಯಲ್ಲಿ. ಕೆಲಸಗಾರರು ಸಿಗುತ್ತಿಲ್ಲ, ಸಿಕ್ಕವರು ನಿಲ್ಲುತ್ತಿಲ್ಲ ಎಂದು ನಾವು ಸೇರಿದಲ್ಲೆಲ್ಲ ಮಾತಾಡುತ್ತೇವೆ. ಈ ನಗರಗಳ ಬಾಡಿಗೆಯಲ್ಲಿ ದೊಡ್ಡ ಕೋಣೆ ಕೊಡಲು ಎಲ್ಲರಿಗೂ ಆಗದು. ಆದರೆ ಇರುವ ಕೋಣೆಯಲ್ಲೇ ಒಬ್ಬೊಬ್ಬನಿಗೆ ಸಾಮಾನಿಡಲು ಒಂದು ಖಾನೆ, ಓದಿ ಬರೆಯಲು ಒಂದು ಮೇಜು ಕೊಡಬಹುದು. ಅದಕ್ಕೆ ಈ ಪೆಟ್ಟಿಗೆಗಳೇ ಸಾಕು.

ರಟ್ಟು ತಡೆದೀತೇ?

ಈ ಸಂಶಯ ಸಹಜ. 2020ರಲ್ಲಿ ಕೋವಿಡ್ ಹಬ್ಬಿದಾಗ ದೆಹಲಿಯ ಛತ್ತರ್‌ಪುರದಲ್ಲಿ ತೆರೆದ ಬೃಹತ್ ಆರೈಕೆ ಕೇಂದ್ರದಲ್ಲಿ ರೋಗಿಗಳಿಗೆ ರಟ್ಟಿನ ಮಂಚಗಳನ್ನೇ ಹಾಕಿದ್ದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕ್ರೀಡಾಪಟುಗಳು ಮಲಗಿದ್ದೂ ರಟ್ಟಿನ ಮಂಚಗಳ ಮೇಲೆಯೇ. ಮಹಾರಾಷ್ಟ್ರದಲ್ಲಿ 'ಆರಂಭ್' ಎಂಬ ಸೇವಾಸಂಸ್ಥೆ ಹಳೆಯ ಪೆಟ್ಟಿಗೆಗಳನ್ನು ಕತ್ತರಿಸಿ, ಮಡಚಿದರೆ ಶಾಲೆಯ ಚೀಲ, ಬಿಡಿಸಿದರೆ ಬರೆಯುವ ಮೇಜು ಆಗುವಂತೆ ಮಾಡಿ ನೆಲದ ಮೇಲೆ ಕೂತು ಓದುವ ಮಕ್ಕಳಿಗೆ ಹಂಚಿತು.

ಬಲ ಇರುವುದು ಎಲ್ಲಿ?

ರಟ್ಟನ್ನು ಅಡ್ಡ ಕತ್ತರಿಸಿ ನೋಡಿ. ಎರಡು ಚಪ್ಪಟೆ ಹಾಳೆಗಳ ನಡುವೆ ಅಲೆಯಂತೆ ಬಾಗಿದ ಒಂದು ಹಾಳೆ ಇರುತ್ತದೆ. ಇದು 3 ಪ್ಲೈ. ಭಾರದ ಸಾಮಾನಿಗೆ 5 ಪ್ಲೈ, 7 ಪ್ಲೈ ಬರುತ್ತವೆ. ಆ ಅಲೆಯ ಗೆರೆಗಳು ನೆಟ್ಟಗೆ ನಿಂತರೆ ಸಾಲು ಕಂಬಗಳಂತೆ ಭಾರ ಹೊರುತ್ತವೆ. ಅಡ್ಡವಾದರೆ ಅದೇ ರಟ್ಟು ಕುಸಿಯುತ್ತದೆ. ಭಾರ ಹೊರುವ ಪ್ರತಿ ಗೋಡೆಯಲ್ಲೂ ಗೆರೆ ನೆಟ್ಟಗಿರಬೇಕು. ಇದೊಂದನ್ನು ನೆನಪಿಟ್ಟರೆ ಅರ್ಧ ಕೆಲಸ ಆದಂತೆ.

ಬೇಕಾದ ಸಾಮಾನು: ಹರಿತವಾದ ಕಟ್ಟರ್, ಸ್ಕೇಲು, ಅಗಲ ಟೇಪು, ಬಡಗಿಗಳು ಬಳಸುವ ಬಿಳಿ ಅಂಟು. ಮೈದಾ ಅಂಟು ಅಗ್ಗ ನಿಜ, ಆದರೆ ಜಿರಳೆಗೆ ಅದೇ ಊಟ. ಹಾಗಾಗಿ ಬೇಡ.

ಬರೆಯುವ ಮೇಜು: ಸುಮಾರು 18 ಅಂಗುಲ ಉದ್ದ, 12 ಅಂಗುಲ ಅಗಲ, 11 ಅಂಗುಲ ಎತ್ತರದ ಗಟ್ಟಿ ಪೆಟ್ಟಿಗೆಯನ್ನು ಬೋರಲು ಹಾಕಿ. ಉದ್ದದ ಎರಡೂ ಬದಿಯಲ್ಲಿ ಕಾಲು ಚಾಚಲು ಬಾಗಿಲಿನಂತೆ ಕತ್ತರಿಸಿ. ಮೂಲೆಗಳಲ್ಲಿ 3 ಅಂಗುಲ, ಮೇಲೆ 2 ಅಂಗುಲ ಉಳಿಯಲಿ. ಮೇಲ್ಭಾಗಕ್ಕೆ ಮೂರು ರಟ್ಟು ಅಂಟಿಸಿ, ನಡುವಿನದರ ಗೆರೆ ಉಳಿದೆರಡಕ್ಕೆ ಅಡ್ಡವಾಗಿರಲಿ. ಮೇಲೊಂದು ಅಕ್ಕಿ ಮೂಟೆ ಹೇರಿ ರಾತ್ರಿಯಿಡೀ ಒಣಗಲು ಬಿಡಿ.

ಸ್ಟೂಲು: ಬಾಟಲಿ ಪೆಟ್ಟಿಗೆಗಳ ಒಳಗೆ ಚೌಕುಳಿಯಾಗಿ ಸಿಕ್ಕಿಸಿರುವ ರಟ್ಟಿನ ತಡಿಕೆ ನೀವು ಕಂಡದ್ದೇ. ಉಪಾಯ ಅದೇ. ಪೆಟ್ಟಿಗೆಯಷ್ಟೇ ಎತ್ತರದ ಪಟ್ಟಿಗಳನ್ನು ಗೆರೆ ನೆಟ್ಟಗಿರುವಂತೆ ಕತ್ತರಿಸಿ, ಅರ್ಧದವರೆಗೆ ಸೀಳಿ, ಒಂದಕ್ಕೊಂದು ಸಿಕ್ಕಿಸಿ, ಎರಡೆರಡು ಅಂಗುಲಕ್ಕೊಂದರಂತೆ ಪೆಟ್ಟಿಗೆ ತುಂಬಿಸಿ. ಮುಚ್ಚಿ, ಮೇಲೆ ಮೂರು ಪದರ ರಟ್ಟು ಅಂಟಿಸಿ. ಕೂರಲು ಮಾತ್ರ ಬಳಸಬೇಕು, ಹತ್ತಿ ನಿಲ್ಲಬಾರದು.

ಕಪಾಟು: ಒಂದೇ ಅಳತೆಯ ಪೆಟ್ಟಿಗೆಗಳನ್ನು ಬಾಯಿ ಮುಂದಕ್ಕೆ ಬರುವಂತೆ ಮಲಗಿಸಿ ಒಂದಕ್ಕೊಂದು ಅಂಟಿಸಿ. ಆದರೆ ಪೆಟ್ಟಿಗೆ ಮಲಗಿದೊಡನೆ ಪಕ್ಕದ ಗೋಡೆಗಳ ಗೆರೆಯೂ ಮಲಗುತ್ತದೆ. ಹೆಚ್ಚಿನವರ ಕಪಾಟು ಕುಸಿಯುವುದು ಇಲ್ಲೇ. ಪಕ್ಕದ ಗೋಡೆಗಳ ಒಳಗೆ ಗೆರೆ ನೆಟ್ಟಗಿರುವ ಇನ್ನೊಂದು ರಟ್ಟು ಅಂಟಿಸಿದರೆ ನಿಲ್ಲುತ್ತದೆ. ಮೂರು ಅಂತಸ್ತಿಗಿಂತ ಎತ್ತರ ಬೇಡ. ಗೋಡೆಗೆ ಒರಗಿಸಿ ಮೊಳೆಗೆ ಬಿಗಿದು ಕಟ್ಟಿ. ಬಟ್ಟೆ, ಪುಸ್ತಕ, ಕಾಗದಪತ್ರಕ್ಕೆ ಧಾರಾಳವಾಯಿತು.

ಎಚ್ಚರ ವಹಿಸಬೇಕಾದದ್ದು

ರಟ್ಟಿಗೆ ಮೂರು ಶತ್ರುಗಳು: ತೇವ, ಜಿರಳೆ, ಬೆಂಕಿ. ಮಳೆಗಾಲದ ತೇವದ ಗಾಳಿಯಲ್ಲಿ ದಿನಗಟ್ಟಲೆ ಇದ್ದರೆ ರಟ್ಟು ಸುಮಾರು ಅರ್ಧದಷ್ಟು ಬಲ ಕಳೆದುಕೊಳ್ಳುತ್ತದೆ. ಮುಂಬಯಿ, ಚೆನ್ನೈನಲ್ಲಿರುವವರು ಇದನ್ನು ಮರೆಯಬಾರದು. ಅಡಿಯಲ್ಲಿ ಇಟ್ಟಿಗೆ, ಹಲಗೆ ಕೊಡಿ. ಮಿದುವಾದದ್ದು ಕಂಡೊಡನೆ ಬದಲಿಸಿ, ಹೊಸ ಪೆಟ್ಟಿಗೆಗೇನು ಕೊರತೆ? ಅಲೆಯ ಸಂದುಗಳಲ್ಲಿ ಜಿರಳೆ ಸಂಸಾರ ಹೂಡುತ್ತದೆ. ಕತ್ತರಿಸಿದ ಅಂಚುಗಳಿಗೆಲ್ಲ ಟೇಪು ಹಚ್ಚಿ, ಎಣ್ಣೆ ಜಿಡ್ಡಿನ ಪೆಟ್ಟಿಗೆ ತೆಗೆದುಕೊಳ್ಳಲೇಬೇಡಿ.

ಬೆಂಕಿಯ ವಿಷಯದಲ್ಲಂತೂ ರಿಯಾಯಿತಿ ಇಲ್ಲ. ಅಡುಗೆಮನೆ, ಗ್ಯಾಸ್ ಸಿಲಿಂಡರ್, ಕರೆಂಟಿನ ಮೀಟರು, ಮೆಟ್ಟಿಲು ಇವುಗಳ ಹತ್ತಿರ ರಟ್ಟಿನ ಯಾವ ವಸ್ತುವೂ ಇರಬಾರದು. ಅದರ ಮೇಲೆ ಸೊಳ್ಳೆಬತ್ತಿ ಹಚ್ಚುವುದು, ಮೊಬೈಲು ಚಾರ್ಜಿಗಿಟ್ಟು ಮಲಗುವುದು ಕೂಡದು. ಹುಡುಗರಿಗೂ ಇದನ್ನು ಕೂರಿಸಿಕೊಂಡು ಹೇಳಿ. ಒಂದೇ ಬಾಗಿಲಿನ, ಇಕ್ಕಟ್ಟಾದ ಕೋಣೆಯಾದರೆ ರಟ್ಟಿನ ಆಸೆ ಬಿಟ್ಟು, ಸಣ್ಣದಾದರೂ ತಗಡಿನ ಕಪಾಟು ಕೊಡಿಸುವುದೇ ಸರಿ.

ಹಗಲು ಹೋಟೆಲಿನಲ್ಲಿ ದುಡಿದು, ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದವರು ನಮ್ಮ ಉದ್ಯಮದಲ್ಲಿ ಹಲವರಿದ್ದಾರೆ. ಇಂದೂ ನಮ್ಮ ಕೋಣೆಗಳಲ್ಲಿ ದೂರಶಿಕ್ಷಣದ ಪರೀಕ್ಷೆ ಕಟ್ಟಿದ, ಊರಿಗೆ ಕಳಿಸುವ ಹಣದ ಲೆಕ್ಕ ಬರೆಯುವ ಹುಡುಗರು ಇಲ್ಲದಿಲ್ಲ. ಮುಂದಿನ ಸಲ ರದ್ದಿಯವನು ಬರುವ ಮೊದಲು ನಾಲ್ಕು ಒಳ್ಳೆಯ ಪೆಟ್ಟಿಗೆ ತೆಗೆದಿಡಿ. ಮಧ್ಯಾಹ್ನದ ಊಟದ ಗಿರಾಕಿ ಮುಗಿದು ಸಂಜೆಯ ಚಹಾದವರೆಗೆ ಸಿಗುವ ಬಿಡುವಿನಲ್ಲಿ ಹುಡುಗರನ್ನೇ ಜೊತೆಗೆ ಕೂರಿಸಿಕೊಂಡು ಮೊದಲ ಮೇಜು ಮಾಡಿ ನೋಡಿ.