ಹೇಳಲಾರದ ಹಲ್ಲುನೋವು

ಹಲ್ಲು ನೋಯುವಾಗ ನಾವು ಕೆನ್ನೆಯ ಮೇಲೆ ಕೈಯಿಟ್ಟು ಮನೆಯವರಿಗೆ ತಿಳಿಸುತ್ತೇವೆ. ಮಾತು ಬಾರದ, ಅಥವಾ ನೋವು ಎಲ್ಲಿದೆಯೆಂದು ಗುರುತಿಸಿ ಹೇಳಲಾರದ ಮಗುವಿಗೆ ಈ ಅನುಕೂಲವಿಲ್ಲ. ಅಂಥ ಮಗು ಊಟವನ್ನು ತಳ್ಳುತ್ತದೆ, ಒಂದೇ ಪಕ್ಕದಲ್ಲಿ ಅಗಿಯುತ್ತದೆ, ಕೆನ್ನೆಗೆ ಹೊಡೆದುಕೊಳ್ಳುತ್ತದೆ, ರಾತ್ರಿ ನಿದ್ರಿಸದೆ ಅಳುತ್ತದೆ. ಹಿರಿಯರು ಇದನ್ನು ಹಟವೆಂದೋ, ವಿಕಲತೆಯ ಲಕ್ಷಣವೆಂದೋ ಭಾವಿಸುವುದುಂಟು. ಆದುದರಿಂದ ಇಂತಹ ಬದಲಾವಣೆ ಕಂಡೊಡನೆ ಬಾಯಿಯನ್ನೂ ಪರೀಕ್ಷಿಸಿ ನೋಡತಕ್ಕದ್ದು.

ವಿಕಲತೆಯುಳ್ಳವರ ಹಲ್ಲುಗಳು ಹುಳುಕಾಗಲೇಬೇಕೆಂಬ ನಿಯಮವಿಲ್ಲ. ಬಾಯಿಯ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಆಮ್ಲವನ್ನಾಗಿ ಮಾರ್ಪಡಿಸುತ್ತವೆ. ಆ ಆಮ್ಲವು ಹಲ್ಲಿನ ಹೊರಕವಚವನ್ನು ಕರಗಿಸುತ್ತದೆ. ಇದು ಎಲ್ಲರಿಗೂ ಸಮಾನವಾದ ಕಾರಣ. ಕೆಲವರಲ್ಲಿ ಬೇರೆ ಕಾರಣಗಳೂ ಕೂಡಿಕೊಳ್ಳುತ್ತವೆ. ಸೆರೆಬ್ರಲ್ ಪಾಲ್ಸಿಯುಳ್ಳ ಅನೇಕರಿಗೆ ನಾಲಗೆಯ ಚಲನೆ ಹಿಡಿತದಲ್ಲಿರದೆ ಅನ್ನವು ಕೆನ್ನೆಯ ಸಂದಿಯಲ್ಲಿ ಉಳಿಯುತ್ತದೆ. ಡೌನ್ ಸಿಂಡ್ರೋಮ್ ಇರುವವರಿಗೆ ಹಲ್ಲುಗಳು ತಡವಾಗಿ ಮೂಡುವುದೂ, ವಸಡಿನ ರೋಗ ಎಳೆಯ ವಯಸ್ಸಿನಲ್ಲಿಯೇ ತಲೆದೋರುವುದೂ ಉಂಟು. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಎಂಬ ಔಷಧದಿಂದ ಕೆಲವರ ವಸಡು ಹಲ್ಲಿನ ಮೇಲೆ ಬೆಳೆಯುತ್ತದೆ. ಹಾಗೆಂದು ಔಷಧವನ್ನು ತಾವಾಗಿ ನಿಲ್ಲಿಸಿದರೆ ಪ್ರಾಣಾಪಾಯವಾದೀತು. ವೈದ್ಯರಿಗೆ ತಿಳಿಸುವುದೇ ಸರಿ.

ಶುಚಿಗೊಳಿಸುವ ಕ್ರಮ ಕಠಿನವಲ್ಲ. ಮಗುವನ್ನು ನೆಟ್ಟಗೆ ಕುಳ್ಳಿರಿಸಿ, ಅದರ ಹಿಂದೆ ನಿಂತು, ತಲೆಯನ್ನು ತಮ್ಮ ಎದೆಗೆ ಮೃದುವಾಗಿ ಒರಗಿಸಿಕೊಳ್ಳಬೇಕು. ಸಣ್ಣ ತಲೆಯ ಮೆತ್ತನೆಯ ಬ್ರಷ್ಷಿನಿಂದ ಹಲ್ಲು ಮತ್ತು ವಸಡು ಕೂಡುವ ಎಡೆಯನ್ನು ದಿನಕ್ಕೆ 2 ಸಲ ಉಜ್ಜಬೇಕು. ಮಲಗುವ ಮುನ್ನ ಉಜ್ಜುವುದನ್ನು ಎಂದಿಗೂ ಬಿಡಬಾರದು. ಫ್ಲೋರೈಡ್ ಇರುವ ಪೇಸ್ಟು 3 ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, 3ರಿಂದ 6 ವರ್ಷದವರಿಗೆ ಬಟಾಣಿ ಕಾಳಿನಷ್ಟು ಸಾಕು. ಉಗುಳಲು ಬಾರದವರಿಗೆ ಪೇಸ್ಟನ್ನು ಇನ್ನೂ ಕಡಿಮೆ ಹಾಕಿ, ಬಳಿಕ ಒದ್ದೆ ಬಟ್ಟೆಯಿಂದ ಒರೆಸಬೇಕು. ಮಲಗಿಸಿ ಬಾಯಿಗೆ ನೀರು ಹೊಯ್ದರೆ ಅದು ಶ್ವಾಸನಾಳವನ್ನು ಸೇರೀತು. ಕೈಯಲ್ಲಿ ಬಲ ಕಡಿಮೆಯಿದ್ದವರಿಗೆ ಬ್ರಷ್ಷಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪಮಾಡಿಕೊಟ್ಟರೆ ತಾವೇ ಉಜ್ಜಿಕೊಳ್ಳಬಲ್ಲರು. ಅವರಿಂದಾದಷ್ಟನ್ನು ಅವರೇ ಮಾಡಲಿ; ಉಳಿದುದನ್ನು ಮಾತ್ರ ನಾವು ಪೂರೈಸೋಣ.

ನೋವು ಬರುವ ಮೊದಲೇ ದಂತವೈದ್ಯರ ಪರಿಚಯ ಮಾಡಿಸುವುದು ಮೇಲು. ಮೊದಲ ದಿನ ಕುರ್ಚಿಯಲ್ಲಿ ಕುಳಿತು, ಪುಟ್ಟ ಕನ್ನಡಿಯನ್ನು ನೋಡಿ ಬಂದರೂ ಸಾಕು. ಸೇವಿಸುವ ಔಷಧಗಳ ಪಟ್ಟಿಯನ್ನು ಕೊಂಡೊಯ್ಯಬೇಕು. ಹೃದಯದ ದೋಷವಿದ್ದರೆ ಮೊದಲೇ ಹೇಳಬೇಕು. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಇಂಥವರಿಗೆ ಚಿಕಿತ್ಸೆಯಲ್ಲಿ ಆದ್ಯತೆ ದೊರೆಯುವಂತೆ ಸರಕಾರಗಳು ಕ್ರಮ ಕೈಗೊಳ್ಳಬೇಕೆಂದು ವಿಧಿಸಿದೆ. ಆದುದರಿಂದ ಸರದಿಯ ಸಾಲಿನಲ್ಲಿ ಆದ್ಯತೆ ಕೇಳಲು ತಂದೆತಾಯಿಗಳು ಸಂಕೋಚಪಡಬೇಕಾಗಿಲ್ಲ.

ವಿದ್ಯಾರ್ಥಿಗಳೇ, ಜೊಲ್ಲು ಸುರಿಸುವ ಸಹಪಾಠಿಯನ್ನು ಕಂಡು ನಗಬೇಡಿರಿ. ಮನೆಯಲ್ಲಿ ಅಂತಹ ತಮ್ಮನೋ ತಂಗಿಯೋ ಇದ್ದರೆ, ನೀವು ಹಲ್ಲುಜ್ಜುವಾಗ ಅವರನ್ನೂ ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳಿರಿ. ನಿಮ್ಮನ್ನು ನೋಡಿ ಅವರೂ ಕಲಿಯುವರು.