ಯಂತ್ರದೊಳಗಿನ ದುಭಾಷಿ

ಬಸವನಗುಡಿಯ ನಮ್ಮ ಕಾಲೇಜಿನ ಬಿ.ಎ. ತರಗತಿಯಲ್ಲಿ ಮುಂದಿನ ಬೆಂಚಿನಲ್ಲಿ ಕುಳಿತುಕೊಳ್ಳುವ ಒಬ್ಬ ಹುಡುಗನಿಗೆ ಹುಟ್ಟಿನಿಂದಲೇ ದೃಷ್ಟಿಯಿಲ್ಲ. ಪರೀಕ್ಷೆಗೆ ಮೂರು ವಾರ ಉಳಿದಿರುವಾಗ ರಾಘವಾಂಕನನ್ನು ಕುರಿತ ನನ್ನ ಟಿಪ್ಪಣಿಗಳನ್ನು ಅವನಿಗೆ ಕಳುಹಿಸಿ, ದೊಡ್ಡ ಉಪಕಾರ ಮಾಡಿದೆನೆಂದು ಒಳಗೊಳಗೇ ಬೀಗುತ್ತಿದ್ದೆ. ಮರುದಿನ ಅವನು ತನ್ನ ಲ್ಯಾಪ್‌ಟಾಪನ್ನು ನನ್ನ ಮೇಜಿನ ಮೇಲಿಟ್ಟು, “ಸಾರ್, ಸ್ವಲ್ಪ ಕೇಳಿ” ಎಂದ. ಹೊರಬಿದ್ದದ್ದು ಕನ್ನಡವಲ್ಲ; ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಕಲಸುಮೇಲೋಗರ!

ತಪ್ಪು ಯಂತ್ರದ್ದಲ್ಲ, ನನ್ನದು. ಹಳೆಯ ಕಾಲದ ಫಾಂಟೊಂದರಲ್ಲಿ ಬೆರಳಚ್ಚು ಮಾಡಿದ್ದೆ. ಅದರಲ್ಲಿ ಕಣ್ಣಿಗೆ ಕಾಣುವುದು ಕನ್ನಡವಾದರೂ ಒಳಗೆ ಶೇಖರವಾಗಿರುವುದು ರೋಮನ್ ಲಿಪಿಯ ಸಂಕೇತಗಳು. ಕಣ್ಣುಳ್ಳವರಿಗೆ ಈ ವೇಷ ತಿಳಿಯುವುದೇ ಇಲ್ಲ.

ಆ ಸಂಜೆ ಗಾಂಧಿ ಬಜಾರಿನಲ್ಲಿ ಕಾಫಿ ಕುಡಿಯುತ್ತ ಶಿಷ್ಯನೇ ಗುರುವಿಗೆ ಪಾಠ ಹೇಳಿದ.

ಅವನು ಬಳಸುವುದು ಎನ್‌ವಿಡಿಎ ಎಂಬ ಉಚಿತ ತೆರೆವಾಚಕ. 2006ರಲ್ಲಿ ಆಸ್ಟ್ರೇಲಿಯದ ಮೈಕೆಲ್ ಕರನ್ ಇದನ್ನು ಆರಂಭಿಸಿದರು. ಜೇಮೀ ಟೆ ಜೊತೆಗೂಡಿದರು. ಇಬ್ಬರೂ ಅಂಧರೇ. ಹಣ ಕೊಟ್ಟು ಕೊಳ್ಳಬೇಕಾದ ತೆರೆವಾಚಕಗಳ ಬೆಲೆ ನಮ್ಮಂಥವರ ಮನೆಗಳಿಗೆ ಎಟುಕುವಂಥದಲ್ಲವೆಂಬುದನ್ನು ನೆನೆದರೆ ಈ ಕೆಲಸದ ಬೆಲೆ ತಿಳಿದೀತು.

ಇದರ ಬಹುಭಾಗ ಪೈಥಾನ್ ಎಂಬ ಭಾಷೆಯಲ್ಲಿದೆ. ಅದು ಬರೆಯುವುದಕ್ಕೆ ಸುಲಭ, ತಿದ್ದುವುದಕ್ಕೂ ಸುಲಭ. ಆದರೆ ಓಟದಲ್ಲಿ ನಿಧಾನ. ಧ್ವನಿಯನ್ನು ಹುಟ್ಟಿಸುವ ಈಸ್ಪೀಕ್ ಎನ್‌ಜಿಯಾದರೋ ಸಿ ಭಾಷೆಯದು. ಸಿ ಭಾಷೆಯಲ್ಲಿ ಬರೆದುದೆಲ್ಲ ಮೊದಲೇ ಯಂತ್ರಸಂಕೇತಕ್ಕೆ ಪರಿವರ್ತನೆಗೊಂಡು ಸಿದ್ಧವಾಗಿರುತ್ತದೆ. ಒಂದು ಸೆಕೆಂಡಿನ ಮಾತಿಗೆ 22,050 ಧ್ವನಿಬಿಂದುಗಳನ್ನು ಲೆಕ್ಕಹಾಕಬೇಕು. ಕೀಲಿಯೊತ್ತಿದೊಡನೆ ದನಿ ಕೇಳಿಸಬೇಕು. ಅದಕ್ಕೆ ಸಿ ಭಾಷೆಯೇ ತಕ್ಕುದು. ಒಂದು ಯೋಚಿಸಬೇಕು, ಇನ್ನೊಂದು ದುಡಿಯಬೇಕು. ಆದರೆ ಇವೆರಡಕ್ಕೂ ಪರಸ್ಪರ ಮಾತು ಬಾರದು. ನಡುವೆ ಒಬ್ಬ ದುಭಾಷಿ ಬೇಕೇ ಬೇಕು.

ದುಭಾಷಿಯ ಕಷ್ಟ ನಮ್ಮ “ಕನ್ನಡ” ಎಂಬ ಒಂದೇ ಮಾತಿನಲ್ಲಿ ಗೊತ್ತಾಗುತ್ತದೆ. ಓದುಗರೇ, ಎಣಿಸಿ ನೋಡಿ: ನಮ್ಮ ಕಣ್ಣಿಗೆ ಮೂರಕ್ಷರ. ಪೈಥಾನ್ ಇದನ್ನು ಯೂನಿಕೋಡಿನ ಐದು ಸಂಕೇತಗಳೆಂದು ಎಣಿಸುತ್ತದೆ: ಕ, ನ, ವಿರಾಮಚಿಹ್ನೆ, ಮತ್ತೆ ನ, ಡ. (ಇಲ್ಲಿ ವಿರಾಮವೆಂದರೆ ಪೂರ್ಣವಿರಾಮವಲ್ಲ, ಒತ್ತಕ್ಷರವನ್ನು ಬೆಸೆಯುವ ಹಲಂತ.) ಸಿ ಭಾಷೆಯ ಕಡೆಗೆ ಇದು ಯುಟಿಎಫ್-8 ರೂಪದಲ್ಲಿ ಹೋಗುವಾಗ ಒಂದೊಂದು ಸಂಕೇತಕ್ಕೂ ಮೂರು ಬೈಟುಗಳಂತೆ ಹದಿನೈದು ಬೈಟುಗಳಾಗುತ್ತವೆ. ಮೂರು, ಐದು, ಹದಿನೈದು! ವ್ಯಾಕರಣ ಪಾಠ ಮಾಡುವ ನನಗೆ ಈ ಲೆಕ್ಕ ರುಚಿಸಿದಷ್ಟು ಕಾಫಿಯೂ ರುಚಿಸಲಿಲ್ಲ. ಮಾತು ಮುಗಿದಾಗ ಸಿ ಭಾಷೆಯ ಕಡೆಯಿಂದ “ಇಷ್ಟು ಓದಿಯಾಯಿತು” ಎಂಬ ವರದಿಯೂ ಹಿಂದಿರುಗಬೇಕು. ದುಭಾಷಿ ಎಡವಿದರೆ ಪೈಥಾನಿನ ಕಡೆ ಸಾಮಾನ್ಯವಾಗಿ ಕಾಣಿಸುವಂಥ ಸೌಮ್ಯವಾದ ತಪ್ಪೋಲೆ ಬರುವುದಿಲ್ಲ, ಇಡೀ ಕಾರ್ಯಕ್ರಮವೇ ಕುಸಿಯಬಹುದು. ಕುರುಡನ ಪಾಲಿಗೆ ಅದು ತಟಕ್ಕನೆ ಕವಿಯುವ ಮೌನ.

ಒಂದೆರಡು ಕೆಲಸಗಳಿಗಾದರೆ ದುಭಾಷಿಯನ್ನು ಕೈಯಿಂದಲೇ ಬರೆಯಬಹುದು. ಈಸ್ಪೀಕಿಗಾಗಿ ಮಾಡಿರುವುದು ಹಾಗೆಯೇ, ಪೈಥಾನಿನ ಸಿಟೈಪ್ಸ್ ಎಂಬ ಸಲಕರಣೆಯ ನೆರವಿನಿಂದ. ಆದರೆ ವಿಂಡೋಸಿನ ತೆರೆಯ ಮೇಲಿರುವ ಗುಂಡಿ, ಪಟ್ಟಿ, ಪೆಟ್ಟಿಗೆಗಳನ್ನೆಲ್ಲ ವಿಚಾರಿಸಬೇಕಾದರೆ ಕೇಳಬೇಕಾದ ಪ್ರಶ್ನೆಗಳು ನೂರಾರು. ಆದ್ದರಿಂದ ಕಾಮ್‌ಟೈಪ್ಸ್ ಎಂಬ ಇನ್ನೊಂದು ಸಲಕರಣೆ ವಿಂಡೋಸ್ ತಾನೇ ಕೊಡುವ ವಿವರಪಟ್ಟಿಯನ್ನು ಓದಿ, ಬೇಕಾದ ದುಭಾಷಿಯನ್ನು ತಾನೇ ಬರೆದುಕೊಡುತ್ತದೆ. ಯಂತ್ರ ಬರೆದದ್ದರಲ್ಲಿ ಬೇಸರದಿಂದಾಗುವ ತಪ್ಪುಗಳಿರುವುದಿಲ್ಲ.

ಈ ವಿಚಾರಕ್ಕೆ ಹೆಸರಾದ ಇನ್ನೊಬ್ಬರು ಡೇವಿಡ್ ಬೀಝ್ಲಿ. 1995ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ, ಭೌತವಿಜ್ಞಾನಿಗಳ ಸಿ ಲೆಕ್ಕಾಚಾರಗಳನ್ನು ಸುಲಭ ಭಾಷೆಗಳಿಂದ ನಡೆಸುವುದಕ್ಕಾಗಿ ಸ್ವಿಗ್ ಎಂಬುದನ್ನು ಅವರು ರಚಿಸಿದರು. 1996ರಲ್ಲಿ ಅದು ಎಲ್ಲರ ಕೈಗೂ ಬಂದಿತು. ಸಿ ಭಾಷೆಯ ಘೋಷಣೆಗಳನ್ನು ಒಪ್ಪಿಸಿದರೆ ಸಾಕು. ಪೈಥಾನ್, ಪರ್ಲ್, ಟಿಕಲ್ ಮೊದಲಾದವಕ್ಕೆ ಬೇರೆಬೇರೆ ದುಭಾಷಿಗಳು ಸಿದ್ಧ.

ನಾನು ಎರಡು ರಾತ್ರಿ ಕುಳಿತು ಟಿಪ್ಪಣಿಗಳನ್ನೆಲ್ಲ ಯೂನಿಕೋಡಿಗೆ ತಂದು ಮತ್ತೆ ಕಳುಹಿಸಿದೆ. ಸೋಮವಾರ ತರಗತಿ ಮುಗಿದ ಮೇಲೆ ಹುಡುಗ ಹಿಂದೆಯೇ ಬಂದ.

“ಏನಪ್ಪಾ, ಈಗಲಾದರೂ ಓದುತ್ತದೆಯೋ?”

“ಚೆನ್ನಾಗಿ ಓದುತ್ತೆ ಸಾರ್. ಆದರೆ ಮೂರನೇ ಪುಟದಲ್ಲಿ ‘ರಾಘವಾಕ’ ಅನ್ನುತ್ತೆ. ನೀವು ಸೊನ್ನೆ ಬಿಟ್ಟಿದ್ದೀರಿ ಅಂತ ಕಾಣುತ್ತೆ.”