ಪ್ಲಗ್ ಹಾಕಿದರೂ ಚಾರ್ಜ್ ಏರದ ಹಳೆಯ ವಿದ್ಯುತ್ ಕಾರು: ದೋಷ ಎಲ್ಲಿದೆ?

ರಾಯಚೂರು: ರಾತ್ರಿ ಪ್ಲಗ್‌ಗೆ ಜೋಡಿಸಿಟ್ಟ ವಿದ್ಯುತ್ ಕಾರು ಬೆಳಿಗ್ಗೆ ಹಿಂದಿನ ದಿನದಷ್ಟೇ ಚಾರ್ಜ್‌ನಲ್ಲಿ ನಿಂತಿದ್ದರೆ ಮಾಲೀಕನ ಕಿವಿಗೆ ಮೊದಲು ಬೀಳುವ ಮಾತು ‘ಚಾರ್ಜರ್ ಹೋಗಿದೆ’ ಎಂಬುದು. ವಾರಂಟಿ ಮುಗಿದ ಕಾರಿನ ಮಟ್ಟಿಗೆ ಈ ಒಂದು ಮಾತು ಬಹಳ ದುಬಾರಿ. ಕಾರಿನೊಳಗಿನ ಚಾರ್ಜರ್ ಪೆಟ್ಟಿಗೆಯನ್ನು ಬಿಡಿಸಿ ಹೊಸದನ್ನು ಹಾಕುವುದೇ ಬಹುತೇಕ ಸರ್ವಿಸ್ ಕೇಂದ್ರಗಳ ಪದ್ಧತಿ. ತಯಾರಿಕೆ ನಿಂತುಹೋದ ಮಾದರಿಗಳಿಗೆ ಹೊಸ ಪೆಟ್ಟಿಗೆ ಸಿಗುವುದೇ ಕಷ್ಟ. ಹೀಗಾಗಿ ಓಡಬಲ್ಲ ಕಾರೊಂದು ಗುಜರಿಯ ದಾರಿ ಹಿಡಿಯುತ್ತದೆ.

ಆದರೆ ಚಾರ್ಜ್ ಆಗದಿರುವುದಕ್ಕೆ ಚಾರ್ಜರ್ ಒಂದೇ ಕಾರಣವಲ್ಲ. ಗೋಡೆಯ ಸಾಕೆಟ್, ಅರ್ಥಿಂಗ್, ಕೇಬಲ್, ಕಾರಿನ ಸಣ್ಣ 12 ವೋಲ್ಟ್ ಬ್ಯಾಟರಿ, ಇವುಗಳಲ್ಲಿ ಯಾವುದು ಕೈಕೊಟ್ಟರೂ ಹೊರಗೆ ಕಾಣುವ ಲಕ್ಷಣ ಒಂದೇ. ಆದ್ದರಿಂದ ಗೋಡೆಯಿಂದ ಆರಂಭಿಸಿ ಕಾರಿನ ಒಳಕ್ಕೆ ಹಂತಹಂತವಾಗಿ ಸಾಗುವುದು ದೋಷ ಹುಡುಕುವ ಸರಿಯಾದ ಕ್ರಮ. ಮೊದಲ ಹಂತಗಳಿಗೆ ತಗಲುವ ಖರ್ಚು ಅತ್ಯಲ್ಪ.

ರೇವಾದಿಂದ ಆರಂಭವಾದ ಕಥೆ

ಹಳೆಯ ವಿದ್ಯುತ್ ಕಾರಿನ ಸಮಸ್ಯೆಯನ್ನು ದೇಶದಲ್ಲಿ ಮೊದಲು ಎದುರಿಸಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಬೆಂಗಳೂರಿನ ಮೈನಿ ಸಮೂಹ ಅಮೆರಿಕದ ಪಾಲುದಾರರೊಂದಿಗೆ 1994ರಲ್ಲಿ ಆರಂಭಿಸಿದ ಸಂಸ್ಥೆ ತನ್ನ ‘ರೇವಾ’ ಕಾರನ್ನು 2001ರಲ್ಲಿ ಮಾರುಕಟ್ಟೆಗೆ ತಂದಿತು. ಇದೇ ಕಾರು ಬ್ರಿಟನ್ನಿನಲ್ಲಿ ‘ಜಿ-ವಿಜ್’ ಹೆಸರಿನಲ್ಲಿ ಓಡಿತು. 2010ರಲ್ಲಿ ಮಹೀಂದ್ರಾ ಸಂಸ್ಥೆ ಕಂಪನಿಯ ಬಹುಪಾಲು ಷೇರುಗಳನ್ನು ಕೊಂಡಿತು. 2013ರಲ್ಲಿ ಲಿಥಿಯಂ ಬ್ಯಾಟರಿಯ ‘ಇ2ಒ’ ಬಂದಿತು. ಈ ಎರಡೂ ಮಾದರಿಗಳ ತಯಾರಿಕೆ ನಿಂತು ವರ್ಷಗಳೇ ಕಳೆದಿವೆ. 2020ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ಟಾಟಾ ನೆಕ್ಸಾನ್ ಇವಿಯ ಮೊದಲ ಕಾರುಗಳೂ ಈಗ ‘ಹಳೆಯ’ ಪಟ್ಟಿಗೆ ಸೇರುತ್ತಿವೆ.

ರಾಜಧಾನಿಯಲ್ಲಿ ಬಳಸಿದ ವಾಹನಗಳು ಎರಡನೇ ಕೈಗೆ ಮಾರಾಟವಾಗಿ ಜಿಲ್ಲೆಗಳಿಗೆ ಬರುವುದು ಹೊಸತಲ್ಲ. ರಾಯಚೂರಿನಿಂದ ಮಂತ್ರಾಲಯದ ಕಡೆಗೆ ಹೋಗುವ ರಸ್ತೆಯಲ್ಲಿರುವ ಯರಗೇರಾದಂತಹ ಊರಿನಿಂದ ನಗರಕ್ಕೆ ಹೋಗಿಬರಲು ಸುಮಾರು 40 ಕಿ.ಮೀ. ಆಗುತ್ತದೆ. ಬ್ಯಾಟರಿ ಸ್ವಲ್ಪ ಸೊರಗಿದ ಕಾರಿಗೂ ಇದು ನಿಲುಕುವ ದೂರ. ಮಾನ್ವಿ ಅಥವಾ ದೇವದುರ್ಗದಿಂದ ರಾಯಚೂರಿಗೆ ಬರುವ ಕಾರಿಗೆ ಒಂದೇ ದಿಕ್ಕಿನಲ್ಲಿ ಸುಮಾರು 50 ಕಿ.ಮೀ. ಕ್ರಮಿಸಬೇಕಾಗುತ್ತದೆ. ಇಂತಹ ಬಳಕೆಯೆಲ್ಲವೂ ನಿಂತಿರುವುದು ಮನೆಯಲ್ಲಿ ರಾತ್ರಿ ಆಗುವ ಚಾರ್ಜ್ ಮೇಲೆ. ಅದು ಕೆಟ್ಟರೆ ಕಾರು ಅಂಗಳದಲ್ಲೇ ಉಳಿಯುತ್ತದೆ.

ಪೆಟ್ಟಿಗೆಯೊಳಗೆ ಏನಿದೆ?

ಮನೆಗೆ ಬರುವುದು 230 ವೋಲ್ಟ್ ಪರ್ಯಾಯ ವಿದ್ಯುತ್ (ಎ.ಸಿ.). ಬ್ಯಾಟರಿ ತುಂಬಿಕೊಳ್ಳುವುದು ಏಕಮುಖ ವಿದ್ಯುತ್ತನ್ನು (ಡಿ.ಸಿ.) ಮಾತ್ರ. ಒಂದನ್ನು ಇನ್ನೊಂದಾಗಿ ಪರಿವರ್ತಿಸುವ ಕೆಲಸ ಕಾರಿನೊಳಗಿನ ಚಾರ್ಜರ್‌ನದು. ಗೋಡೆಗೆ ಚುಚ್ಚುವ ಕೇಬಲ್‌ನ ಮಧ್ಯೆ ಇರುವ ಪೆಟ್ಟಿಗೆಯನ್ನು ಅನೇಕರು ಚಾರ್ಜರ್ ಎಂದು ಕರೆಯುತ್ತಾರೆ. ವಾಸ್ತವದಲ್ಲಿ ಅದು ಸುರಕ್ಷತೆಯನ್ನು ಪರಿಶೀಲಿಸಿ ವಿದ್ಯುತ್ತನ್ನು ಒಳಬಿಡುವ ಸ್ವಿಚ್ ಮಾತ್ರ.

ನಿಜವಾದ ಚಾರ್ಜರ್‌ನಲ್ಲಿ ವಿದ್ಯುತ್ ಮೊದಲು ಫ್ಯೂಸ್ ಹಾಗೂ ಫಿಲ್ಟರ್ ದಾಟುತ್ತದೆ. ಪ್ಲಗ್ ಹಾಕಿದ ಕ್ಷಣ ಒಮ್ಮೆಲೇ ಹೆಚ್ಚು ಕರೆಂಟ್ ನುಗ್ಗದಂತೆ ಒಂದು ರೆಸಿಸ್ಟರ್ ತಡೆಯುತ್ತದೆ. ಕೆಲವೇ ಕ್ಷಣಗಳಲ್ಲಿ ರಿಲೇ ಒಂದು ಅದನ್ನು ಬದಿಗೆ ಸರಿಸುತ್ತದೆ. ಆನಂತರ ಏಕಮುಖಗೊಂಡ ವಿದ್ಯುತ್ ದೊಡ್ಡ ಕೆಪಾಸಿಟರ್‌ಗಳಲ್ಲಿ ಸಂಗ್ರಹಗೊಂಡು, ಅತಿವೇಗದಲ್ಲಿ ಆಡುವ ಟ್ರಾನ್ಸಿಸ್ಟರ್‌ಗಳು ಮತ್ತು ಸಣ್ಣ ಟ್ರಾನ್ಸ್‌ಫಾರ್ಮರ್ ಮೂಲಕ ಬ್ಯಾಟರಿಗೆ ಬೇಕಾದ ವೋಲ್ಟೇಜ್‌ಗೆ ಬದಲಾಗುತ್ತದೆ. ಬ್ಯಾಟರಿ ನಿಯಂತ್ರಕ ‘ಸರಿ’ ಎಂದು ಸಂದೇಶ ನೀಡಿದರಷ್ಟೇ ಇದೆಲ್ಲ ಆರಂಭವಾಗುತ್ತದೆ.

ಮೊದಲ ತಪಾಸಣೆ ಗೋಡೆಯಲ್ಲಿ

3.3 ಕಿಲೋವ್ಯಾಟ್ ಚಾರ್ಜರ್ 230 ವೋಲ್ಟ್‌ನಲ್ಲಿ 14 ಆಂಪಿಯರ್‌ಗೂ ಹೆಚ್ಚು ಕರೆಂಟ್ ಎಳೆಯುತ್ತದೆ, ಅದೂ ಎಂಟು ಗಂಟೆಗಳ ಕಾಲ ನಿರಂತರವಾಗಿ. ಮನೆಯಲ್ಲಿ ಬೇರೆ ಯಾವ ಉಪಕರಣವೂ ಸಾಕೆಟ್‌ನಿಂದ ಇಷ್ಟು ಹೊತ್ತು ಇಷ್ಟೊಂದು ಎಳೆಯುವುದು ಅಪರೂಪ. ಸಾಕೆಟ್‌ನ ಸಡಿಲ ಸಂಪರ್ಕದಲ್ಲಿ ಕೇವಲ 0.2 ಓಮ್ ತಡೆ ಇದ್ದರೂ 15 ಆಂಪಿಯರ್ ಹರಿಯುವಾಗ ಅಲ್ಲಿ 45 ವ್ಯಾಟ್ ಶಾಖ ಹುಟ್ಟುತ್ತದೆ. ರೇಡಿಯೊ ರಿಪೇರಿಯವರ ಬೆಸುಗೆ ಕಡ್ಡಿ 25 ವ್ಯಾಟ್‌ನದು ಎಂಬುದನ್ನು ಗಮನಿಸಿದರೆ ಸಾಕೆಟ್ ಕರಗುವುದೇಕೆಂದು ತಿಳಿಯುತ್ತದೆ. ಪ್ಲಗ್‌ನ ಕಾಲು ಕಪ್ಪಾಗಿದ್ದರೆ, ಸಾಕೆಟ್ ಸುಟ್ಟ ವಾಸನೆ ಬಂದರೆ ದೋಷ ಅಲ್ಲಿಯೇ ಇದೆ.

ಶಕ್ತಿನಗರದ 1,720 ಮೆಗಾವ್ಯಾಟ್ ಮತ್ತು ಯರಮರಸ್‌ನ 1,600 ಮೆಗಾವ್ಯಾಟ್ ಸಾಮರ್ಥ್ಯದ ಶಾಖೋತ್ಪನ್ನ ಸ್ಥಾವರಗಳು ಇರುವುದು ಇದೇ ಜಿಲ್ಲೆಯಲ್ಲಿ. ಆದರೂ ಟಿಸಿಯಿಂದ ದೂರವಿರುವ ಕೊನೆಯ ಮನೆಗೆ ತಲುಪುವ ವೋಲ್ಟೇಜ್ ಬೇರೆಯೇ ಆಗಿರಬಹುದು. ಸಂಜೆ ದೀಪ ಹಚ್ಚುವ ಹೊತ್ತು ಅಥವಾ ಪಂಪ್‌ಸೆಟ್‌ಗಳು ಚಾಲೂ ಆಗುವ ಹೊತ್ತಿನಲ್ಲಿ ವೋಲ್ಟೇಜ್ ಕುಸಿದರೆ ಚಾರ್ಜರ್ ತಾನಾಗಿಯೇ ನಿಲ್ಲುತ್ತದೆ. ಇದು ಕೆಡುಕಲ್ಲ, ರಕ್ಷಣೆ.

ಆದ್ದರಿಂದ ಚಾರ್ಜ್ ನಿಲ್ಲುವ ಸಮಯವನ್ನು ಒಂದು ವಾರ ಬರೆದಿಡುವುದು ಒಳ್ಳೆಯ ಪರೀಕ್ಷೆ. ದಿನವೂ ಒಂದೇ ವೇಳೆಗೆ ನಿಂತರೆ ಸಂಶಯ ವಿದ್ಯುತ್ ಮಾರ್ಗದ ಮೇಲೆ. ಯಾವ ವೇಳೆಗೆ ಆರಂಭಿಸಿದರೂ ಅರ್ಧ ಗಂಟೆಯ ನಂತರ ನಿಂತರೆ ಸಂಶಯ ಬಿಸಿಯ ಮೇಲೆ, ಅಂದರೆ ಸಡಿಲ ಸಾಕೆಟ್ ಅಥವಾ ತಂಪಾಗದ ಚಾರ್ಜರ್ ಮೇಲೆ. ಪ್ಲಗ್ ಹಾಕಿದ ತಕ್ಷಣ ಎಂಸಿಬಿ ಬಿದ್ದರೆ ಎಲ್ಲೋ ಶಾರ್ಟ್ ಆಗಿದೆ ಎಂದರ್ಥ.

ಅರ್ಥಿಂಗ್ ಗುಂಡಿಗೆ ನೀರು

ಬೇಸಿಗೆಯಲ್ಲಿ ಮಾತ್ರ ಕಾಣಿಸಿಕೊಳ್ಳುವ ‘ಚಾರ್ಜರ್ ದೋಷ’ವೊಂದಿದೆ. ಮಣ್ಣು ಒಣಗಿದಂತೆ ಅರ್ಥಿಂಗ್‌ನ ತಡೆ ಹೆಚ್ಚುತ್ತದೆ. ಕೇಬಲ್ ಪೆಟ್ಟಿಗೆ ವಿದ್ಯುತ್ ಬಿಡುವ ಮುನ್ನ ಅರ್ಥಿಂಗ್ ಇದೆಯೇ ಎಂದು ಪರೀಕ್ಷಿಸುವುದರಿಂದ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಫ್ಯಾನು, ಟಿವಿ, ಫ್ರಿಜ್ ಎಲ್ಲವೂ ಅರ್ಥಿಂಗ್ ಇಲ್ಲದೆಯೂ ನಡೆಯುತ್ತವೆಯಾದ್ದರಿಂದ ಮನೆಯವರಿಗೆ ಕಾರಿನದೇ ತಪ್ಪೆಂದು ತೋರುತ್ತದೆ.

ಲೈನ್ ಮತ್ತು ನ್ಯೂಟ್ರಲ್ ನಡುವೆ, ಲೈನ್ ಮತ್ತು ಅರ್ಥ್ ನಡುವೆ ವೋಲ್ಟೇಜ್ ಬಹುತೇಕ ಸಮನಾಗಿರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಕೆಲವೇ ವೋಲ್ಟ್ ಇರಬೇಕು. ಎಲೆಕ್ಟ್ರಿಷಿಯನ್ ಮಲ್ಟಿಮೀಟರ್ ಹಿಡಿದು ಐದು ನಿಮಿಷದಲ್ಲಿ ಇದನ್ನು ಹೇಳಬಲ್ಲರು. ವ್ಯತ್ಯಾಸ ಕಂಡುಬಂದರೆ ಗುಂಡಿಗೆ ಇದ್ದಿಲು, ಉಪ್ಪು ಹಾಕಿ ನೀರು ಹುಯ್ಯುವ ಹಳೆಯ ಕ್ರಮ ಇಂದಿಗೂ ಫಲ ಕೊಡುತ್ತದೆ. ಅರ್ಥಿಂಗ್ ತಂತಿ ತುಕ್ಕು ಹಿಡಿದು ತುಂಡಾಗಿದ್ದರೆ ಅದನ್ನು ಬದಲಿಸಲೇಬೇಕು. ಅರ್ಥ್ ಇಲ್ಲವೆಂದು ನ್ಯೂಟ್ರಲ್‌ಗೇ ಅರ್ಥ್ ತಂತಿ ಜೋಡಿಸುವ ಅಡ್ಡದಾರಿ ಮಾತ್ರ ಪ್ರಾಣಾಪಾಯಕಾರಿ: ನ್ಯೂಟ್ರಲ್ ಕಿತ್ತ ದಿನ ಕಾರಿನ ಮೈಯೆಲ್ಲ ವಿದ್ಯುತ್ ಹರಿಯುತ್ತದೆ. ಮನೆಯಲ್ಲಿ ಸರಿಯಿದ್ದ ಕಾರು ಜನರೇಟರ್‌ನಿಂದ ಚಾರ್ಜ್ ಆಗದಿರುವುದಕ್ಕೂ ಅನೇಕ ವೇಳೆ ಅರ್ಥಿಂಗ್ ಕೊರತೆಯೇ ಕಾರಣ.

ಕೇಬಲ್, ಟೈಮರ್, ಸಣ್ಣ ಬ್ಯಾಟರಿ

ಇಂದಿನ ಟೈಪ್-2 ಪ್ಲಗ್‌ನಲ್ಲಿ ‘ಪೈಲಟ್’ ಎಂಬ ಸಣ್ಣ ಪಿನ್ ಇದೆ. ಕೇಬಲ್ ಪೆಟ್ಟಿಗೆ ಇದರ ಮೂಲಕ 12 ವೋಲ್ಟ್ ಸಂಕೇತ ಕಳುಹಿಸುತ್ತದೆ. ಕಾರಿಗೆ ಜೋಡಿಸಿದಾಗ ಅದು 9 ವೋಲ್ಟ್‌ಗೆ, ಕಾರು ‘ವಿದ್ಯುತ್ ಬೇಕು’ ಎಂದಾಗ 6 ವೋಲ್ಟ್‌ಗೆ ಇಳಿಯುತ್ತದೆ. 12ರಲ್ಲೇ ನಿಂತರೆ ಪಿನ್ ತಾಗುತ್ತಿಲ್ಲ; ಧೂಳು ಅಥವಾ ಬಾಗಿದ ಪಿನ್ ಕಾರಣವಿರಬಹುದು. 9ರಲ್ಲಿ ನಿಂತರೆ ಕಾರು ವಿದ್ಯುತ್ ಕೇಳುತ್ತಿಲ್ಲ. ಹಿಂದಿನ ಮಾಲೀಕ ಪರದೆಯಲ್ಲಿ ಹೊಂದಿಸಿಟ್ಟ ಚಾರ್ಜಿಂಗ್ ವೇಳಾಪಟ್ಟಿಯೂ ಇದಕ್ಕೆ ಕಾರಣವಾಗಬಹುದು. ಇನ್ನೊಬ್ಬರ ಕೇಬಲ್ ಹಾಕಿ ನೋಡುವುದು ಎಲ್ಲಕ್ಕಿಂತ ಸುಲಭದ ಪರೀಕ್ಷೆ.

ದೊಡ್ಡ ಬ್ಯಾಟರಿಯ ಸಂಪರ್ಕ ಕೂಡಿಸುವ ರಿಲೇಗಳು ಮತ್ತು ನಿಯಂತ್ರಕಗಳು ನಡೆಯುವುದು 12 ವೋಲ್ಟ್‌ನ ಸಣ್ಣ ಬ್ಯಾಟರಿಯಿಂದ. ಅದು ಸೊರಗಿದ್ದರೆ ಚಾರ್ಜಿಂಗ್ ಆರಂಭವೇ ಆಗದು. ವಿಶ್ರಾಂತಿಯಲ್ಲಿ 12.6 ವೋಲ್ಟ್ ಆಸುಪಾಸು ಇರಬೇಕಾದುದು 12ಕ್ಕಿಂತ ಕೆಳಗಿದ್ದರೆ ಮೊದಲು ಅದನ್ನು ಬದಲಿಸಿ ನೋಡಬೇಕು.

ವೇಗದ ಡಿ.ಸಿ. ಚಾರ್ಜಿಂಗ್ ಸೌಲಭ್ಯವುಳ್ಳ ಕಾರುಗಳಲ್ಲಿ ಇನ್ನೊಂದು ನಿರ್ಣಾಯಕ ಪರೀಕ್ಷೆ ಸಾಧ್ಯ. ಡಿ.ಸಿ. ಕೇಂದ್ರದ ವಿದ್ಯುತ್ ಕಾರಿನೊಳಗಿನ ಚಾರ್ಜರ್ ಮುಟ್ಟದೆ ನೇರ ಬ್ಯಾಟರಿಗೆ ಹೋಗುತ್ತದೆ. ಅಲ್ಲಿ ಚಾರ್ಜ್ ಆಗಿ ಮನೆಯಲ್ಲಿ ಆಗದಿದ್ದರೆ ಬ್ಯಾಟರಿ ಕ್ಷೇಮ, ದೋಷ ಎ.ಸಿ. ಭಾಗದಲ್ಲಿದೆ. ಎರಡೂ ಕಡೆ ಆಗದಿದ್ದರೆ ಬ್ಯಾಟರಿ, ಅದರ ನಿಯಂತ್ರಕ ಅಥವಾ ರಿಲೇಗಳತ್ತ ನೋಡಬೇಕು.

ಹಳೆಯ ರೇವಾದಲ್ಲಿ ಈ ಅನುಕೂಲವಿಲ್ಲ. ಅದರಲ್ಲಿರುವುದು 6 ವೋಲ್ಟ್‌ನ ಎಂಟು ಸೀಸ-ಆಮ್ಲ ಬ್ಯಾಟರಿಗಳ 48 ವೋಲ್ಟ್ ಸಾಲು. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಸಾಲಿನ ವೋಲ್ಟೇಜ್ ತೀರಾ ಇಳಿದರೆ, ಬ್ಯಾಟರಿಯನ್ನೇ ಗುರುತಿಸಲಾಗದೆ ಚಾರ್ಜರ್ ಆರಂಭವಾಗದಿರಬಹುದು. ಎಂಟನ್ನೂ ಬಿಡಿಬಿಡಿಯಾಗಿ ಅಳೆದು, ಬ್ಯಾಟರಿ ನೀರು ನೋಡಿ, ಹೊರಗಿನ ಚಾರ್ಜರ್‌ನಿಂದ ಒಂದೊಂದನ್ನೂ ಮೇಲೆತ್ತಿದ ಬಳಿಕವೇ ಒಳಗಿನ ಚಾರ್ಜರ್ ಬಗ್ಗೆ ತೀರ್ಮಾನಿಸುವುದು ಉಚಿತ.

ಚಾರ್ಜರೇ ಕೆಟ್ಟಿದ್ದರೆ

ಈ ಎಲ್ಲ ಹಂತಗಳನ್ನು ದಾಟಿಯೂ ದೋಷ ಉಳಿದರೆ ಪೆಟ್ಟಿಗೆ ತೆರೆಯಬೇಕಾಗುತ್ತದೆ. ಹಳೆಯ ಚಾರ್ಜರ್‌ಗೆ ಇಬ್ಬರು ಶತ್ರುಗಳು: ಬಿಸಿ ಮತ್ತು ಅಧಿಕ ವೋಲ್ಟೇಜ್.

ಕೆಪಾಸಿಟರ್‌ನ ಒಳಗಿನ ದ್ರವ ಬಿಸಿಗೆ ನಿಧಾನವಾಗಿ ಆರುತ್ತದೆ. ಪ್ರತಿ 10 ಡಿಗ್ರಿ ಹೆಚ್ಚಳಕ್ಕೆ ಅದರ ಆಯಸ್ಸು ಅರ್ಧವಾಗುತ್ತದೆ ಎಂಬುದು ಎಂಜಿನಿಯರುಗಳ ಸ್ಥೂಲ ಲೆಕ್ಕ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ, ತಗಡಿನ ಶೆಡ್ಡಿನಡಿ ಮಧ್ಯಾಹ್ನ ಚಾರ್ಜ್‌ಗೆ ಹಾಕುವ ಕಾರು ಈ ಲೆಕ್ಕದ ಪೂರ್ಣ ಪರಿಣಾಮ ಅನುಭವಿಸುತ್ತದೆ. ಧೂಳು ತುಂಬಿದ ಫ್ಯಾನ್, ಕಡಿಮೆಯಾದ ಕೂಲಂಟ್ ಅದನ್ನು ಇನ್ನಷ್ಟು ಹೆಚ್ಚಿಸುತ್ತವೆ. ತಲೆ ಉಬ್ಬಿದ ಕೆಪಾಸಿಟರ್ ಕಣ್ಣಿಗೇ ಕಾಣುವ ಸಾಕ್ಷಿ.

ಎರಡನೆಯದು ನ್ಯೂಟ್ರಲ್ ಕಿತ್ತುಹೋಗುವುದು. ಕಂಬದಲ್ಲಿ ನ್ಯೂಟ್ರಲ್ ತಂತಿ ಸಡಿಲವಾದರೆ ಕೆಲವು ಮನೆಗಳಿಗೆ 230ರ ಬದಲು 400 ವೋಲ್ಟ್‌ನತ್ತ ಏರಿದ ವಿದ್ಯುತ್ ನುಗ್ಗುತ್ತದೆ. ಬಲ್ಬುಗಳೆಲ್ಲ ಒಮ್ಮೆಲೇ ಸುಟ್ಟ ರಾತ್ರಿಯಲ್ಲಿ ಪ್ಲಗ್‌ಗೆ ಜೋಡಿಸಿದ್ದ ಕಾರೂ ಅಪಾಯದಲ್ಲಿದೆ. ಮುಂಗಾರುಪೂರ್ವ ಸಿಡಿಲಿನ ದಿನಗಳೂ ಹಾಗೆಯೇ.

ಇಂತಹ ಪೆಟ್ಟಿಗೆಯಲ್ಲಿ ಫ್ಯೂಸ್ ಸುಟ್ಟಿದೆಯೆಂದು ಅದನ್ನಷ್ಟೇ ಬದಲಿಸಿದರೆ ಹೊಸದೂ ಸುಡುತ್ತದೆ. ಫ್ಯೂಸ್ ಹೋಗಲು ಹಿಂದೆ ಶಾರ್ಟ್ ಆದ ಟ್ರಾನ್ಸಿಸ್ಟರ್ ಅಥವಾ ರೆಕ್ಟಿಫೈಯರ್ ಇರುವುದೇ ಹೆಚ್ಚು. ಅನುಭವಿ ತಂತ್ರಜ್ಞರು ನೂರು ವ್ಯಾಟ್ ಬಲ್ಬನ್ನು ಸೀರೀಸ್‌ನಲ್ಲಿಟ್ಟು ಪರೀಕ್ಷಿಸುವುದು ಈ ಕಾರಣಕ್ಕೆ: ಬಲ್ಬ್ ಪೂರ್ತಿ ಉರಿದರೆ ಒಳಗೆ ಶಾರ್ಟ್ ಇದೆ. ಫ್ಯೂಸ್ ಸರಿಯಿದ್ದೂ ಪೆಟ್ಟಿಗೆ ಸತ್ತಂತಿದ್ದರೆ ಆರಂಭದ ರೆಸಿಸ್ಟರ್ ಮತ್ತು ರಿಲೇಯನ್ನು ನೋಡಬೇಕು.

ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. 230 ವೋಲ್ಟ್ ಏಕಮುಖಗೊಂಡಾಗ ಕೆಪಾಸಿಟರ್‌ನಲ್ಲಿ 325 ವೋಲ್ಟ್‌ವರೆಗೆ ನಿಲ್ಲುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಕೆಲವು ನಿಮಿಷ ಉಳಿಯಬಹುದು. ಹೊಸ ಕಾರುಗಳಲ್ಲಿ ಬ್ಯಾಟರಿಯೇ 300 ವೋಲ್ಟ್ ಮೀರಿದ್ದು. ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ತರಬೇತಿ ಪಡೆದವರಷ್ಟೇ, ಸುರಕ್ಷಾ ಸಂಪರ್ಕ ಕಿತ್ತು, ಕೈಗವಸು ತೊಟ್ಟು, ಮೀಟರ್‌ನಲ್ಲಿ ಸೊನ್ನೆ ಕಂಡ ನಂತರವೇ ಮುಟ್ಟಬೇಕು.

ಚಾರ್ಜಿಂಗ್ ಘಟಕದ ದೋಷ ಹಳೆಯ ಕಾರುಗಳಿಗಷ್ಟೇ ಸೀಮಿತವಲ್ಲ. 2024ರ ಜೂನ್‌ನಲ್ಲಿ ಹುಂಡೈ ಸಂಸ್ಥೆ ಭಾರತದಲ್ಲಿ 1,744 ಐಯಾನಿಕ್ 5 ಕಾರುಗಳನ್ನು ಇಂತಹದೇ ಘಟಕದ ತಪಾಸಣೆಗೆ ವಾಪಸು ಕರೆಸಿಕೊಂಡಿತ್ತು. ಹೊಸ ಕಾರಿಗೆ ಕಂಪನಿ ಉಚಿತವಾಗಿ ಸರಿಪಡಿಸಿಕೊಡುತ್ತದೆ. ಹಳೆಯ ಕಾರಿಗೆ ಉಳಿಯುವುದು ಬಿಡಿಭಾಗ ಮಟ್ಟದ ದುರಸ್ತಿ ಮಾತ್ರ. ಯುಪಿಎಸ್, ಇನ್ವರ್ಟರ್ ಬೋರ್ಡ್‌ಗಳನ್ನು ದುರಸ್ತಿ ಮಾಡುವ ಕೌಶಲವೇ ಇಲ್ಲಿಯೂ ಆಧಾರ. ಆದ್ದರಿಂದ ಕಳಚಿದ ಹಳೆಯ ಪೆಟ್ಟಿಗೆಯನ್ನು ಅಂಗಡಿಯಲ್ಲೇ ಬಿಟ್ಟುಬರುವುದು ತರವಲ್ಲ. ಮುಂದೊಮ್ಮೆ ಅದರ ಭಾಗಗಳೇ ಬೇಕಾಗಬಹುದು.

ಮುನ್ನೆಚ್ಚರಿಕೆ

1. ಕಾರಿಗಾಗಿ ಮೀಟರ್ ಬೋರ್ಡ್‌ನಿಂದ 4 ಚದರ ಮಿ.ಮೀ. ತಾಮ್ರದ ಪ್ರತ್ಯೇಕ ತಂತಿ, ಪ್ರತ್ಯೇಕ ಎಂಸಿಬಿ ಮತ್ತು ಸೋರಿಕೆ ತಡೆಯುವ ಆರ್‌ಸಿಸಿಬಿ ಹಾಕಿಸಬೇಕು.

2. ವೋಲ್ಟೇಜ್ ಏರಿದಾಗ ಅಥವಾ ಇಳಿದಾಗ ತಾನೇ ಸಂಪರ್ಕ ಕಡಿಯುವ ಸಾಧನ ಅಳವಡಿಸಬೇಕು. ಫ್ರಿಜ್‌ಗೆ ಬಳಸುವ ಸಣ್ಣ ಸ್ಟೆಬಿಲೈಸರ್ ಈ ಹೊರೆ ತಾಳದು.

3. ಬೇಸಿಗೆಯಲ್ಲಿ ಕಾರು ತಣಿದ ನಂತರ, ತಡರಾತ್ರಿ ಚಾರ್ಜ್ ಮಾಡಬೇಕು. ಸಮಯವಿದ್ದರೆ ಕಡಿಮೆ ಆಂಪಿಯರ್ ಆಯ್ಕೆ ಮಾಡುವುದು ಲೇಸು.

4. ಸಿಡಿಲು, ಗಾಳಿಮಳೆಯ ವೇಳೆ ಪ್ಲಗ್ ತೆಗೆದಿಡಬೇಕು.

5. ವೋಲ್ಟೇಜ್ ಏರುಪೇರು ಕಂಡರೆ ಜೆಸ್ಕಾಂ ಸಹಾಯವಾಣಿ 1912ಕ್ಕೆ ದೂರು ನೀಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಬೇಕು.

6. ಎರಡನೇ ಕೈ ಕಾರು ಕೊಳ್ಳುವವರು ಪರದೆಯ ಮೇಲಿನ ಅಂಕಿಯನ್ನು ನಂಬಿ ಹಣ ಕೊಡದೆ, ಮನೆಯ 15 ಆಂಪಿಯರ್ ಪ್ಲಗ್‌ನಲ್ಲಿ ಕನಿಷ್ಠ ಒಂದು ಗಂಟೆ ಚಾರ್ಜ್ ಏರುವುದನ್ನು ಕಣ್ಣಾರೆ ನೋಡಬೇಕು.